ಹತ್ತನೆಯ ದಿನ ‘ಮನಿಗೆ ಹೋಗೂಣು’ ಎಂದರೆ

ಪ್ರಶ್ನೆ: ನಮ್ಮದು ಬಾಗಲಕೋಟೆ ನವನಗರ. ಮಗಳಿಗೆ 19 ವರ್ಷ, ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ದಪ್ಪ ಆಗ್ತೀನಿ ಎಂಬ ಭಯದಲ್ಲಿ ಊಟ ಬಿಟ್ಟು ಬಿಟ್ಟು 36 ಕೆ.ಜಿ.ಗೆ ಇಳಿದಳು. ಅನೊರೆಕ್ಸಿಯಾ ಎಂದು ಹೇಳಿ ಅಲ್ಲೇ ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ. ಹತ್ತು ದಿನವಾಯಿತು. ‘ಹೊಟ್ಟಿ ಒಡದು ಹೋಗ್ತೈತಿ, ಕಳ್ಳರನ್ನ ಕಾದಂಗ ಕಾಯ್ತಾರ, ಮನಿಗೆ ನಡೀ ಯವ್ವಾ’ ಎಂದು ಅಳುತ್ತಾಳೆ. ಅವಳ ತಂದೆ ‘ಮನ್ಯಾಗ ಬಿಸಿ ರೊಟ್ಟಿ ತಿಂದ್ರ ಆರಾಮ ಆಗ್ತಾಳ, ಸಹಿ ಮಾಡಿ ಕರಕೊಂಡ ಬರೂಣು’ ಅಂತಾರೆ. ಏನು ಮಾಡಲಿ?

ಅಕ್ಕಾ, ಇವತ್ತು ಸಹಿ ಮಾಡಬೇಡಿ. ಅವಳು ಹೇಳುತ್ತಿರುವುದು ಸುಳ್ಳೂ ಅಲ್ಲ, ಹಟವೂ ಅಲ್ಲ. ಬಹಳ ದಿನ ಹಸಿದ ಹೊಟ್ಟೆ ಆಹಾರವನ್ನು ಮುಂದೆ ಕಳಿಸುವುದೇ ನಿಧಾನ. ಹೀಗಾಗಿ ಅರ್ಧ ರೊಟ್ಟಿ ತಿಂದರೂ ಮೂರು ತಾಸು ಹೊಟ್ಟೆ ಬಿಗಿದಿರುತ್ತದೆ, ಮಲಬದ್ಧತೆ ಬೇರೆ. ಊಟ ಶುರುವಾದ ಮೇಲೆ ದೇಹ ನೀರು ಹಿಡಿದಿಡುತ್ತದೆ. ಕಾಲಿನ ಗಿಣ್ಣು ಬಾತುಕೊಂಡು, ತಕ್ಕಡಿಯಲ್ಲಿ ಒಂದೇ ವಾರಕ್ಕೆ 2 ಕೆ.ಜಿ. ಏರಿದ್ದು ಕಾಣಬಹುದು. ಅದು ಕೊಬ್ಬಲ್ಲ. ಆದರೆ ಅವಳ ಕಣ್ಣಿಗೆ ‘ಇವರು ನನ್ನ ದಪ್ಪ ಮಾಡಾಕತ್ತಾರ’ ಎಂಬುದಕ್ಕೆ ಅದೇ ಸಾಕ್ಷಿ. ಈ ತ್ರಾಸು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅದು ಇಳಿಯುವ ಮೊದಲೇ ಎದ್ದು ಹೋಗುವವರು ಕಡಿಮೆಯಿಲ್ಲ.

ಇನ್ನೊಂದು ಕಾರಣ ಮನಸ್ಸಿನೊಳಗಿದೆ. ಊಟ ಬಿಡುವುದೇ ಅವಳಿಗೆ ಗಾಬರಿ ತಗ್ಗಿಸುವ ದಾರಿಯಾಗಿತ್ತು. ಆಸ್ಪತ್ರೆ ಅದನ್ನೇ ಕಿತ್ತುಕೊಂಡಿದೆ, ಅದಕ್ಕೆ ತೂಕ ಏರಿದಷ್ಟೂ ಭಯ ಏರುತ್ತದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಯಾವ ಕಾಯಿಲೆಯೂ ಇಲ್ಲದಿದ್ದ ಅವರೂ ಸದಾ ಊಟದ್ದೇ ಯೋಚನೆ, ಸಿಡುಕು, ಖಿನ್ನತೆಗೆ ಬಿದ್ದರು. ಹಸಿದ ಮಿದುಳಿಗೆ ‘ತಿಳುವಳಿಕೆ ಹೇಳಿ’ ಪ್ರಯೋಜನ ಕಡಿಮೆ.

‘ಕಳ್ಳರಂಗ ಕಾಯ್ತಾರ’ ಎಂಬ ದೂರನ್ನು ಮಾತ್ರ ಹಗುರ ಮಾಡಬೇಡಿ. ಊಟವಾದ ಒಂದು ತಾಸು ಬಾತ್‌ರೂಮಿಗೆ ಒಂಟಿಯಾಗಿ ಬಿಡದಿರುವುದು ವಾಂತಿ ತಡೆಯಲು ಬೇಕಾದ ಕ್ರಮ. ಆದರೆ ಅದನ್ನು ಬೈದು ಮಾಡಬೇಕಿಲ್ಲ. ಎಲ್ಲರೆದುರು ತೂಕ ಕೂಗಿ ಹೇಳಬೇಕಿಲ್ಲ. ಅವಳ ಜೊತೆ ಕೂತು, ಸಹಿಸಲಾಗದ್ದು ಏನೇನು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಡಾಕ್ಟರು, ಡಯಟಿಷಿಯನ್, ಕೌನ್ಸೆಲರ್ ಮೂವರನ್ನೂ ಒಟ್ಟಿಗೆ ಕಂಡು ಕೇಳಿ: ಊಟವನ್ನು ಆರು ಸಣ್ಣ ಪಾಲು ಮಾಡಬಹುದೇ? ಹಸಿ ತರಕಾರಿ ತಗ್ಗಿಸಿ, ಕಡಿಮೆ ಪ್ರಮಾಣದಲ್ಲಿ ಹೆಚ್ಚು ಶಕ್ತಿ ಕೊಡುವ ಆಹಾರ ಕೊಡಬಹುದೇ? ತಕ್ಕಡಿಗೆ ಬೆನ್ನು ಮಾಡಿ ನಿಲ್ಲಿಸಿ ತೂಕ ನೋಡಬಹುದೇ? ಮಲಬದ್ಧತೆಗೆ ಔಷಧಿ ಅವರೇ ಬರೆಯಲಿ, ನೀವು ಅಂಗಡಿಯಿಂದ ತರಬೇಡಿ. ‘ಎರಡು ದಿನ ಇದನ್ನ ಮಾಡಿ ನೋಡೂಣು, ಆಮೇಲೆ ಮತ್ತ ಮಾತಾಡೂಣು’ ಎಂದು ಮಗಳಿಗೆ ಹೇಳಿ.

ಬಿಸಿ ರೊಟ್ಟಿಯ ಮಾತಿಗೆ ಬಂದರೆ, ಪ್ರೀತಿ ಸರಿ, ಲೆಕ್ಕ ತಪ್ಪು. ತೀರಾ ಸೊರಗಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಊಟ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ಸರಿದುಬಿಡುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಬಡಿತವೇ ತಪ್ಪಬಹುದು. ಮೊದಲ ಒಂದು-ಒಂದೂವರೆ ವಾರ ಅಪಾಯ ಹೆಚ್ಚು, ಅದಕ್ಕೇ ಮೇಲಿಂದ ಮೇಲೆ ರಕ್ತ ತಪಾಸಣೆ. ಕಳೆದ ಮೂರು ದಿನದ ವರದಿ ಸರಿಯಿದೆಯೇ ಎಂದು ನೀವೇ ಕೇಳಿ. ವರದಿ ಸರಿಯಿದ್ದರೂ ಕಾಯಿಲೆ ಹೋಯಿತೆಂದಲ್ಲ. ತೂಕ ಏರಿದ ಮೇಲೂ ಭಯ ಉಳಿದಿರುತ್ತದೆ.

19 ವರ್ಷದವಳು, ತಾನಾಗಿ ಮನೋರೋಗ ವಿಭಾಗಕ್ಕೆ ದಾಖಲಾಗಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಬಿಡುಗಡೆ ಕೇಳುವ ಹಕ್ಕು ಅವಳಿಗಿದೆ. ಸ್ಥಿತಿ ಗಂಭೀರ ಎನಿಸಿದರೆ ಪರೀಕ್ಷೆಗೆಂದು ವೈದ್ಯರು 24 ಗಂಟೆಯವರೆಗೆ ತಡೆಯಬಹುದು. ಆದ್ದರಿಂದ ಜಗಳಕ್ಕಿಂತ ಮಾತುಕತೆಯೇ ಕೆಲಸಕ್ಕೆ ಬರುತ್ತದೆ.

ಕೊನೆಗೂ ಹೊರಡುವುದೇ ಆದರೆ ಬರಿಗೈಯಲ್ಲಿ ಹೊರಡಬೇಡಿ. ರಕ್ತದ ವರದಿ, ಇಸಿಜಿ, ಹೊತ್ತುಹೊತ್ತಿನ ಊಟದ ಪಟ್ಟಿ, ವಾರದೊಳಗೆ ಮತ್ತೆ ತೋರಿಸುವ ದಿನಾಂಕ ಕೈಯಲ್ಲಿರಲಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೂ ವಿಚಾರಿಸಬಹುದು. ತಲೆ ತಿರುಗಿ ಬಿದ್ದರೆ, ನಾಡಿ 40ಕ್ಕಿಂತ ಇಳಿದರೆ, ಎದೆನೋವು, ಉಸಿರುಕಟ್ಟು, ಗೊಂದಲದ ಮಾತು ಕಂಡರೆ, ನೀರೂ ಬೇಡವೆಂದರೆ ತಕ್ಷಣ ತುರ್ತು ವಿಭಾಗಕ್ಕೆ ಒಯ್ಯಿರಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡದೆ ಅಲ್ಲಿಗೇ ಕರೆದೊಯ್ಯಿರಿ. ಮನಸ್ಸಿನ ಸಂಕಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ದಿನವಿಡೀ ಉಚಿತ.

ಅವಳ ತಂದೆಗೂ ಒಂದು ಕೆಲಸ ಕೊಡಿ: ರಾತ್ರಿ ಊಟಕ್ಕೆ ಅವಳ ಪಕ್ಕ ಕೂತು ಕ್ರಿಕೆಟ್ಟೋ ಕಾಲೇಜೋ ಮಾತಾಡಲಿ, ರೊಟ್ಟಿ ಎಣಿಸದಿರಲಿ. ನೋಡಲು ಬರುವ ಬೀಗರಿಗೆ, ನೆರೆಯವರಿಗೆ ‘ಮೈ ತುಂಬ್ಯಾಳ’ ಅನ್ನಬೇಡಿ ಎಂದು ಬಾಗಿಲಲ್ಲೇ ಹೇಳಿಬಿಡಲಿ.