ತಕ್ತ್‌ಸಾಂಗ್ ಲೇಖನ: ಎಲ್ಲಿ ತಿದ್ದಬೇಕು

ಪ್ರಿಯ ಲೇಖಕರೇ,

ಭೂತಾನಿನ ಪಾರೋ ತಕ್ತ್‌ಸಾಂಗ್ ಮಠದ ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವಂತೆಯೇ ಪ್ರಕಟಿಸಲಾಗದು. ಆದರೆ ಕೈಬಿಡುವ ಮನಸ್ಸೂ ನಮಗಿಲ್ಲ.

ಮುಖ್ಯ ತೊಡಕು ಕಾಲದ್ದು. ‘1,200 ವರ್ಷ ಹಳೆಯ ಕಟ್ಟಡ’ ಎಂದು ಬರೆದಿದ್ದೀರಿ. ಅಷ್ಟು ಹಳೆಯ ನೆನಪಿರುವುದು ಗುಹೆಗೆ. 8ನೇ ಶತಮಾನದಲ್ಲಿ ಬೌದ್ಧ ಗುರು ಪದ್ಮಸಂಭವ ಹೆಣ್ಣುಹುಲಿಯ ಬೆನ್ನೇರಿ ಹಾರಿಬಂದು ಅಲ್ಲಿ ಧ್ಯಾನಕ್ಕೆ ಕೂತನೆಂಬುದು ಭಕ್ತರ ನಂಬಿಕೆ. ಗುಹೆಯ ಸುತ್ತ ದೇಗುಲ ಎದ್ದದ್ದು 1692ರಲ್ಲಿ. ಕಟ್ಟಿಸಿದವರು ನಾಲ್ಕನೇ ದೇಸಿ, ಅಂದರೆ ಅಂದಿನ ಆಡಳಿತದ ಮುಖ್ಯಸ್ಥ, ತೆನ್‌ಜಿನ್ ರಬ್ಗ್ಯೆ. 1998ರ ಏಪ್ರಿಲ್ 19ರಂದು ಮುಖ್ಯ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಇಂದು ಕಾಣುವುದು 2005ರಲ್ಲಿ ಮುಗಿದ ಪುನರ್ನಿರ್ಮಾಣ. ಆದ್ದರಿಂದ ಪ್ರತಿ ವಾಕ್ಯದಲ್ಲೂ ಗುಹೆಯ ಮಾತೋ ಕಟ್ಟಡದ ಮಾತೋ ಎಂಬುದು ಸ್ಪಷ್ಟವಾಗಿರಲಿ. ಹುಲಿಯ ಕಥೆಯನ್ನು ಮಾತ್ರ ತೆಗೆಯಬೇಡಿ, ಆ ಜಾಗದ ಭಕ್ತಿಯೆಲ್ಲ ಅದರ ಮೇಲೆಯೇ ನಿಂತಿದೆ. ‘ಎಂಬ ನಂಬಿಕೆ’ ಎಂದರೆ ಸಾಕು. ಸಮರ್ಥನೆಯೂ ಬೇಡ, ‘ಕಟ್ಟುಕಥೆ’ ಎಂಬ ಷರಾ ಕೂಡ ಬೇಡ. ಬೆಂಕಿಗೆ ಬೆಣ್ಣೆದೀಪವೇ ಕಾರಣ ಎಂದು ತೀರ್ಪು ಕೊಟ್ಟಿದ್ದೀರಿ. ವಿದ್ಯುತ್ ತಂತಿಯ ಮೇಲೂ ಶಂಕೆಯಿತ್ತು. ಎರಡನ್ನೂ ಶಂಕೆಯೆಂದೇ ಬರೆಯಿರಿ.

‘3,000 ಮೀಟರ್ ಪ್ರಪಾತ’ ತಪ್ಪು. ಸಮುದ್ರಮಟ್ಟದಿಂದ ಮಠದ ಎತ್ತರ ಸುಮಾರು 3,120 ಮೀಟರ್. ಪಾರೋ ಕಣಿವೆಯಿಂದ ಸುಮಾರು 900. ಬೆಟ್ಟದ ಊರುಗಳ ಬಗ್ಗೆ ಬರೆಯುವಾಗ ಎತ್ತರ ಎಲ್ಲಿಂದ ಅಳೆದದ್ದು ಎಂದು ಹೇಳದಿದ್ದರೆ ಈ ಗೊಂದಲ ತಪ್ಪಿದ್ದಲ್ಲ.

ಇನ್ನು ದಾರಿ. ‘ಕಡಿದಾದ ಏರು, ಆಮೇಲೆ ಬಾಗಿಲು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಆ ಜಾಗದ ಸೊಗಸು ಇರುವುದೇ ಇಲ್ಲಿ! ಪೈನ್ ಕಾಡಿನ ನಡುವೆ ಹತ್ತಿ ಹೋದರೆ ಒಂದು ತಿರುವಿನಲ್ಲಿ ಮಠ ಕಣ್ಣಿಗೆ ಸರಿಸಮನಾಗಿ, ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಆದರೆ ನಡುವೆ ಕಮರಿ ಇದೆ. ನೂರಾರು ಮೆಟ್ಟಿಲಿಳಿದು, ಜಲಪಾತದ ಪಕ್ಕದ ಸೇತುವೆ ದಾಟಿ, ಮತ್ತೆ ಮೆಟ್ಟಿಲೇರಬೇಕು. ಈ ಇಳಿತವನ್ನು ಒಂದು ಪ್ಯಾರಾದಷ್ಟು ಬರೆಯಿರಿ; ‘ಮೈನವಿರೇಳಿಸುವ’, ‘ವರ್ಣನಾತೀತ’ಗಳು ತಾವಾಗಿಯೇ ಬೇಡವಾಗುತ್ತವೆ. ‘ಗಾಳಿಯಲ್ಲಿ ತೇಲುವ’ ಮಠವೂ ಅಲ್ಲ ಅದು: ಕಟ್ಟಡಗಳು ಬಂಡೆಯ ಚಾಚುಗಳ ಮೇಲೆ ಕೂತಿವೆ, ಬಂಡೆಯಲ್ಲೇ ಕಡೆದ ಮೆಟ್ಟಿಲುಗಳು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತವೆ.

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಪದ್ಮಸಂಭವನ ದೊಡ್ಡ ಬಂಗಾರದ ಮೂರ್ತಿಯನ್ನು ನಮ್ಮ ಅನೇಕ ಓದುಗರು ಕಂಡಿದ್ದಾರೆ. ಗುರುವಿನ ಪರಿಚಯವನ್ನು ಅಲ್ಲಿಂದ ಶುರುಮಾಡಿ.

ಒಳಾಂಗಣದ್ದೆಂದು ಲಗತ್ತಿಸಿದ ಫೋಟೊ ಬಳಸುವುದಿಲ್ಲ. ಕ್ಯಾಮೆರಾ, ಮೊಬೈಲ್ ಹೊರಗಿಟ್ಟೇ ಒಳಹೋಗಬೇಕೆಂಬುದು ಅಲ್ಲಿನ ನಿಯಮ. ಕಮರಿಯ ಈಚೆಯಿಂದ ತೆಗೆದದ್ದಿದ್ದರೆ ತಿದ್ದಿದ ಪ್ರತಿಯೊಂದಿಗೆ ಕಳಿಸಿ.

— ಸಂಪಾದಕರು