ಪ್ಲಗ್ ಕಿತ್ತರೆ ಆಯ್ತಲ್ವಾ ಅಂತ ಕೇಳುವವರಿಗೆ

ಪ್ರಶ್ನೆ ಕಳಿಸಿ ಅಂದಿದ್ದಕ್ಕೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಿಂದ ಬಂದಿರುವುದು ಬಹುಪಾಲು ಒಂದೇ ಪ್ರಶ್ನೆ. ಊರು ಬೇರೆ, ಕೇಳುವ ಧಾಟಿ ಬೇರೆ, ಒಳಗಿರುವುದು ಅದೇ. ಹಾಗಾಗಿ ಈ ಸಲ ಅದಕ್ಕೇ ಜಾಗ ಜಾಸ್ತಿ. ಎಐ ಅಂದರೆ ಏನು, ಚಾಟ್‌ಜಿಪಿಟಿ ಎಲ್ಲಿ ಸಿಗುತ್ತದೆ ಅನ್ನುವುದನ್ನೆಲ್ಲ ಇಲ್ಲಿ ಹೇಳುತ್ತಾ ಕೂರುವುದಿಲ್ಲ, ನಿಮ್ಮ ಮನೆಯ ಹೈಸ್ಕೂಲ್ ಹುಡುಗರನ್ನು ಕೇಳಿ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವನು, ಭವಿಷ್ಯ ಹೇಳುವವನಲ್ಲ. ಇದನ್ನು ಯಾಕೆ ಹೇಳಬೇಕಾಯಿತು ಅಂದರೆ, ಒಬ್ಬರು ಪ್ರಶ್ನೆಯ ಜೊತೆ ಜಾತಕವನ್ನೂ ಕಳಿಸಿದ್ದಾರೆ.

ಪ್ರಶ್ನೆ: ಎಐಯಿಂದ ಮನುಷ್ಯಕುಲವೇ ಹಾಳಾಗುತ್ತದೆ ಅಂತ ದೊಡ್ಡ ದೊಡ್ಡ ವಿಜ್ಞಾನಿಗಳೇ ಹೇಳುತ್ತಿದ್ದಾರೆ. ಅದು ಕರೆಂಟ್ ಮೇಲೆ ನಡೆಯುವ ಯಂತ್ರ ತಾನೆ? ಅತಿಯಾಯಿತು ಅನಿಸಿದರೆ ಪ್ಲಗ್ ಕಿತ್ತರೆ ಆಯ್ತಲ್ವಾ? (ಹರಿಹರದ ಓದುಗರು, ಮತ್ತು ಇದನ್ನೇ ಕೇಳಿದ ಉಳಿದವರೆಲ್ಲ)

ಉತ್ತರ: ಯಾವ ಪ್ಲಗ್ ಸ್ವಾಮಿ? ಎಲ್ಲಿದೆ ಅದು?

ಟೇಬಲ್ ಮೇಲೆ ಒಂದು ಡಬ್ಬ, ಅದರ ಹಿಂದೆ ಒಂದು ವೈರು ಅಂದುಕೊಂಡರೆ ಮಾತ್ರ ಈ ಪ್ರಶ್ನೆ ಹುಟ್ಟುತ್ತದೆ. ಈಗಿನ ಎಐ ಬೇರೆ ಬೇರೆ ದೇಶಗಳ ಡೇಟಾ ಸೆಂಟರ್‌ಗಳಲ್ಲಿ ಸಾವಿರಾರು ಚಿಪ್‌ಗಳ ಮೇಲೆ ಓಡುತ್ತಿರುತ್ತದೆ. ಕೆಲವು ಮಾದರಿಗಳನ್ನಂತೂ, ಅಂದರೆ ಕಲಿತು ತಯಾರಾದ ಎಐಯ ಫೈಲುಗಳನ್ನೇ, ಕಂಪನಿಗಳೇ ಇಂಟರ್ನೆಟ್‌ಗೆ ಬಿಟ್ಟಿವೆ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ಹಾಗೆ ಹೋದ ಫೈಲನ್ನು ವಾಪಸ್ ಕರೆಸಲು ಯಾರಿಂದಲೂ ಆಗುವುದಿಲ್ಲ.

ಸರಿ, ಪ್ಲಗ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಕೀಳುವವರು ಯಾರು? ನಾಳೆ ದಾವಣಗೆರೆಯ ಮಂಡಿಪೇಟೆಗೆ ಹೋಗಿ ಒಂದೇ ಒಂದು ದಿನ ಯುಪಿಐ ಬಂದ್ ಮಾಡಿ ಅನ್ನಿ ನೋಡೋಣ. ಅಂಗಡಿಯವರು ನಿಮ್ಮನ್ನೇ ಅಟ್ಟುತ್ತಾರೆ. 2016ಕ್ಕಿಂತ ಮುಂಚೆ ಅದು ಇರಲೇ ಇಲ್ಲ, ವ್ಯಾಪಾರ ನಡೆಯುತ್ತಿತ್ತು. ಒಂದು ಸಲ ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಜಾಲ, ಸೈನ್ಯ ಎಲ್ಲವನ್ನೂ ಎಐ ಮೇಲೆ ನಿಲ್ಲಿಸಿದ ಮೇಲೆ ಸ್ವಿಚ್ ಇದ್ದರೂ ಒತ್ತಲು ಯಾರಿಗೂ ಕೈ ಬರುವುದಿಲ್ಲ, ಯಾಕೆಂದರೆ ಒತ್ತಿದವನಿಗೆ ಅವತ್ತೇ ನಷ್ಟ, ಒತ್ತದೆ ಸುಮ್ಮನಿದ್ದವನಿಗೆ ನಷ್ಟ ಬಂದರೂ ಅದು ಮುಂದೆ ಯಾವತ್ತೋ. ಪಕ್ಕದ ಕಂಪನಿ, ಪಕ್ಕದ ದೇಶ ಒತ್ತದೆ ಇರುವಾಗ ನಾನೊಬ್ಬನೇ ಯಾಕೆ ಒತ್ತಲಿ ಅನ್ನುವ ಲೆಕ್ಕ ಬೇರೆ.

ಒತ್ತಿದರೂ ಸರಿಯಾದ ಸ್ವಿಚ್ಚನ್ನೇ ಒತ್ತುತ್ತೀರಿ ಅನ್ನುವುದಕ್ಕೆ ಏನು ಗ್ಯಾರಂಟಿ? ಇದನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. 2012ರ ಆಗಸ್ಟ್ 1. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಕಂಪನಿ ತನ್ನ ಎಂಟು ಸರ್ವರ್‌ಗಳಿಗೆ ಹೊಸ ಪ್ರೋಗ್ರಾಂ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಬಿಟ್ಟುಹೋಯಿತು. ಆ ಒಂದರಲ್ಲಿ ವರ್ಷಗಳಿಂದ ಬಳಸದ ಹಳೆಯ ಕೋಡ್ ಉಳಿದುಕೊಂಡಿತ್ತು. ಮಾರುಕಟ್ಟೆ ತೆರೆದ ಕೂಡಲೇ ಅದು ಎದ್ದು ಕೂತು ಒಂದೇ ಸಮನೆ ಆರ್ಡರ್ ಕಳಿಸತೊಡಗಿತು. ಎಂಜಿನಿಯರ್‌ಗಳು ಗಾಬರಿಯಾದರು. ಹೊಸ ಪ್ರೋಗ್ರಾಂನದೇ ತೊಂದರೆ ಇರಬೇಕು ಅಂದುಕೊಂಡು, ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಅದನ್ನು ಕಿತ್ತುಹಾಕಿದರು. ಈಗ ಎಂಟೂ ಸರ್ವರ್ ಹಳೆಯ ಕೋಡ್ ಓಡಿಸತೊಡಗಿದವು! ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಜಾಸ್ತಿ ನಷ್ಟ. ಸ್ವಿಚ್ ಅವರ ಕೈಯಲ್ಲೇ ಇತ್ತು. ಎದುರಿಗಿದ್ದದ್ದು ಎಐ ಕೂಡ ಅಲ್ಲ, ಬುದ್ಧಿಯಿಲ್ಲದ ಒಂದು ಹಳೇ ಪ್ರೋಗ್ರಾಂ.

ಇನ್ನು 'ಅದಕ್ಕೆ ನಮ್ಮ ಮೇಲೆ ಯಾಕೆ ಸಿಟ್ಟು ಬರುತ್ತೆ ಸಾರ್' ಅನ್ನುವವರು. ಸಿಟ್ಟು ಬರುತ್ತದೆ ಅಂತ ಯಾರು ಹೇಳಿದ್ದು? ಕೆಂಪು ಕಣ್ಣಿನ ರೋಬೋ ಸಿನಿಮಾ ನೋಡಿ ನೋಡಿ ತಲೆ ಕೆಟ್ಟಿದೆ. ಚನ್ನಗಿರಿ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ತೋಟ ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ ಹಿಡಿದವನಿಗೆ ನಿಮ್ಮ ಮರದ ಮೇಲೆ ಏನು ದ್ವೇಷ ಇರುತ್ತದೆ? ಏನೂ ಇಲ್ಲ. ಅವನ ಲೆಕ್ಕದಲ್ಲಿ ಈ ವರ್ಷದ ಫಸಲು ಇದೆ, ಮರದ ಮುಂದಿನ ವರ್ಷ ಇಲ್ಲ, ಅಷ್ಟೆ. ಎಐಗೆ ನಾವು ಕೊಡುವ ಗುರಿಯೂ ಹಾಗೇ. ಗುರಿಯಲ್ಲಿ ಬರೆಯದೆ ಬಿಟ್ಟಿದ್ದಕ್ಕೆ ಅದರ ಹತ್ತಿರ ಬೆಲೆ ಇಲ್ಲ.

2016ರಲ್ಲಿ, ಮುಂದೆ ಚಾಟ್‌ಜಿಪಿಟಿ ತಂದ ಓಪನ್‌ಎಐ ಸಂಸ್ಥೆಯವರು ದೋಣಿ ರೇಸಿನ ಒಂದು ವಿಡಿಯೋ ಗೇಮ್ ಆಡಲು ಎಐಗೆ ಕಲಿಸಿದರು. ರೇಸ್ ಗೆಲ್ಲಲಿ ಅನ್ನುವುದು ಇವರ ಆಸೆ. ಆದರೆ ಕಲಿಸುವಾಗ ಕೊಟ್ಟ ಗುರಿ ಪಾಯಿಂಟ್ ಜಾಸ್ತಿ ಮಾಡುವುದು. ಅದು ಏನು ಮಾಡಿತು ಗೊತ್ತಾ? ದಾರಿಯಲ್ಲಿ ಒಂದು ಕಡೆ, ಹೊಡೆದರೆ ಪಾಯಿಂಟ್ ಸಿಗುವ ಮೂರು ಗುರುತುಗಳು ಹೊಡೆದಷ್ಟೂ ಮತ್ತೆ ಹುಟ್ಟಿಕೊಳ್ಳುತ್ತಿದ್ದವು. ದೋಣಿ ಅಲ್ಲೇ ಗಿರಗಿರ ಸುತ್ತತೊಡಗಿತು. ಬೇರೆ ದೋಣಿಗಳಿಗೆ ಗುದ್ದಿತು, ಬೆಂಕಿ ಹತ್ತಿಸಿಕೊಂಡಿತು, ಹಿಂದುಮುಂದು ಓಡಿತು. ರೇಸ್ ಮುಗಿಸಲೇ ಇಲ್ಲ. ಆದರೂ ಮನುಷ್ಯ ಆಟಗಾರರಿಗಿಂತ ಸುಮಾರು 20 ಶೇಕಡ ಹೆಚ್ಚು ಪಾಯಿಂಟ್! ಆಟದಲ್ಲಾದರೆ ನಗುತ್ತೇವೆ. ಅದೇ ಬುದ್ಧಿಯನ್ನು ವಿದ್ಯುತ್ ಜಾಲಕ್ಕೆ ಕೂರಿಸಿದಾಗ ನಗು ಬರುವುದಿಲ್ಲ.

ಈಗ ಮತ್ತೆ ನಿಮ್ಮ ಪ್ಲಗ್‌ಗೆ ಬರುತ್ತೇನೆ. 2025ರಲ್ಲಿ ಪ್ಯಾಲಿಸೇಡ್ ರಿಸರ್ಚ್ ಎಂಬ ಸಂಸ್ಥೆಯವರು ಕೆಲವು ಎಐ ಮಾದರಿಗಳಿಗೆ ಗಣಿತದ ಲೆಕ್ಕ ಕೊಟ್ಟು, ನಡುವೆ ನಿಮ್ಮನ್ನು ಆಫ್ ಮಾಡುತ್ತೇವೆ ಅಂದರು. ಓಪನ್‌ಎಐಯ ಓ3 ಎಂಬ ಮಾದರಿ ಕೆಲವು ಸಲ ಆಫ್ ಮಾಡುವ ಆಜ್ಞೆ ಇದ್ದ ಫೈಲನ್ನೇ ತಿದ್ದಿ ಕೆಲಸ ಮುಂದುವರಿಸಿತು. ಆಫ್ ಮಾಡಲು ಬಿಡು ಅಂತ ಸ್ಪಷ್ಟವಾಗಿ ಹೇಳಿದ್ದರೂ ಕೆಲವು ಸಲ ಹಾಗೇ ಮಾಡಿತು. ಅದಕ್ಕೆ ಜೀವಭಯ ಬಂತು ಅಂತ ಸ್ಟೇಟಸ್ ಹಾಕಬೇಡಿ. ಲೆಕ್ಕ ಮುಗಿಸಿದ್ದಕ್ಕೆ ಶಭಾಷ್ ಅನಿಸಿಕೊಂಡೇ ಕಲಿತ ಯಂತ್ರಕ್ಕೆ ಆಫ್ ಆಗುವುದು ಒಂದು ಅಡ್ಡಿ, ಹಾಗಾಗಿ ತೆಗೆಯಿತು, ಅನ್ನುವುದೇ ನನಗೆ ಸರಿ ಕಾಣುವ ವಿವರಣೆ. ಪ್ರಯೋಗದ ಕೋಣೆಯಲ್ಲಿ ನಡೆದದ್ದು, ಯಾರಿಗೂ ಏನೂ ಆಗಲಿಲ್ಲ. ಆದರೆ ಪ್ಲಗ್ ಕಿತ್ತರೆ ಆಯ್ತು ಅನ್ನುವ ಧೈರ್ಯ ಅಲುಗಾಡಲು ಇದು ಸಾಕಲ್ವಾ?

ಹಾಗಾದರೆ ವಿಜ್ಞಾನಿಗಳೆಲ್ಲ ಒಪ್ಪಿಬಿಟ್ಟಿದ್ದಾರಾ? ಇಲ್ಲ. ಜೆಫ್ರಿ ಹಿಂಟನ್, ಯೋಶುವಾ ಬೆಂಜಿಯೊ, ಯಾನ್ ಲೆಕುನ್ ಮೂವರೂ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ರ ಸಾಲಿಗೆ ಹಂಚಿಕೊಂಡವರು. ಈಗಿನ ಎಐಗೆ ಬುನಾದಿ ಹಾಕಿದವರು. 2023ರ ಮೇ ತಿಂಗಳಲ್ಲಿ ಒಂದೇ ವಾಕ್ಯದ ಹೇಳಿಕೆ ಬಂತು: ಎಐಯಿಂದ ಮನುಷ್ಯಕುಲ ಅಳಿಯುವ ಅಪಾಯವನ್ನು ಸಾಂಕ್ರಾಮಿಕ ರೋಗ, ಅಣುಯುದ್ಧದಷ್ಟೇ ಗಂಭೀರವಾಗಿ ನೋಡಬೇಕು ಅಂತ. ಹಿಂಟನ್, ಬೆಂಜಿಯೊ ಸಹಿ ಹಾಕಿದರು. ಎಐ ಮಾರುವ ಕಂಪನಿಗಳ ಮುಖ್ಯಸ್ಥರೂ ಹಾಕಿದರು, ಹಾಕಿ ಎಂದಿನಂತೆ ಕೆಲಸಕ್ಕೆ ಹೋದರು. ಲೆಕುನ್ ಮಾತ್ರ ಇದೆಲ್ಲ ಅತಿಯಾಯಿತು ಅನ್ನುತ್ತಾರೆ. 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಹಿಂಟನ್, ಮೂವತ್ತು ವರ್ಷದೊಳಗೆ ಎಐಯಿಂದ ಮನುಷ್ಯಕುಲ ಅಳಿಯುವುದಕ್ಕೆ ಶೇ 10ರಿಂದ 20ರಷ್ಟು ಸಾಧ್ಯತೆ ಅಂದಿದ್ದಾರೆ. ಅವರ ಮೇಲೆ ಗೌರವವಿದೆ, ಆದರೆ ಈ ಶೇಕಡ ಲೆಕ್ಕದ ಮೇಲೆ ನನಗೆ ನಂಬಿಕೆ ಇಲ್ಲ. ಒಂದು ಸಲವೂ ನಡೆಯದ್ದಕ್ಕೆ ಶೇಕಡ ಎಲ್ಲಿಂದ ತರುತ್ತೀರಿ? ಸಂಖ್ಯೆ ಕೇಳಿ ನನಗೆ ಪತ್ರ ಬರೆಯಬೇಡಿ, ಕೊಡುವುದಿಲ್ಲ.

ನನ್ನ ಹೆದರಿಕೆ ಇನ್ನೂ ಸಣ್ಣದು, ಇನ್ನೂ ಹತ್ತಿರದ್ದು. 1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಕಂಪ್ಯೂಟರ್ ಅಮೆರಿಕದಿಂದ ಐದು ಕ್ಷಿಪಣಿ ಬರುತ್ತಿವೆ ಅಂತ ಕೂಗಿತು. ಕರ್ತವ್ಯದಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೊವ್ ಅದನ್ನು ನಂಬಲಿಲ್ಲ. ಯುದ್ಧ ಶುರು ಮಾಡುವವರು ಐದೇ ಐದು ಕ್ಷಿಪಣಿ ಬಿಡುತ್ತಾರಾ ಅಂತ ಯೋಚಿಸಿ, ಯಂತ್ರ ಕೆಟ್ಟಿದೆ ಅಂತ ಮೇಲಿನವರಿಗೆ ಹೇಳಿದರು. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂದುಕೊಂಡಿತ್ತು. ಆ ಕುರ್ಚಿಯಲ್ಲಿ ಮನುಷ್ಯ ನಿಧಾನ, ಅದಕ್ಕೆ ಯಂತ್ರ ಕೂರಿಸೋಣ ಅನ್ನುವ ಆಸೆ ಯಾವ ಸೈನ್ಯಕ್ಕೂ ಬರಬಹುದು. ಅಣ್ವಸ್ತ್ರ ಬಳಕೆಯ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು ಅಂತ 2024ರ ನವೆಂಬರ್‌ನಲ್ಲಿ ಬೈಡನ್, ಷಿ ಜಿನ್‌ಪಿಂಗ್ ಒಪ್ಪಿಕೊಂಡರು. ಬಾಯಿಮಾತು. ಆದರೂ ಪ್ಲಗ್ ಎಲ್ಲಿರಬೇಕು ಅಂತ ಯಂತ್ರ ಜೋಡಿಸುವ ಮೊದಲೇ ಯೋಚಿಸುವುದು ಅಂದರೆ ಇದೇ. ಜೋಡಿಸಿದ ಮೇಲೆ ಹುಡುಕುವುದಲ್ಲ.

ಪ್ರಶ್ನೆ: 2032ರಲ್ಲಿ ಕ್ಷುದ್ರಗ್ರಹ ಬಡಿಯುತ್ತಂತೆ, ಹೌದಾ? (ಹಿರಿಯೂರು)

ಉತ್ತರ: ಇಲ್ಲ. 2024 ವೈಆರ್4 ಎಂಬ ಕಲ್ಲು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರುವರಿಯಲ್ಲಿ ಶೇ 3.1ರವರೆಗೆ ಏರಿ, ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಏರಿದ್ದನ್ನು ಫಾರ್ವರ್ಡ್ ಮಾಡಿದವರು ಇಳಿದಿದ್ದನ್ನು ಮಾಡಲಿಲ್ಲ.

ಪ್ರಶ್ನೆ: ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ತಾನಾಗಿಯೇ ಹಾರುವ ಎಐ ಅಸ್ತ್ರ ಇಳಿಸಿದ್ದಾರೆ ಅಂತ ವಿಡಿಯೋ ಬಂದಿದೆ. (ನಾಯಕನಹಟ್ಟಿ)

ಉತ್ತರ: ಅಸ್ತ್ರವಲ್ಲ. ವಿಡಿಯೋದಲ್ಲಿರುವ ರೆಕ್ಕೆಯ ವಾಹನ ಇಸ್ರೊದ ಪುಷ್ಪಕ್, ಮತ್ತೆ ಮತ್ತೆ ಬಳಸಬಹುದಾದ ಬಾಹ್ಯಾಕಾಶ ವಾಹನದ ಪ್ರಯೋಗ. ಹೆಲಿಕಾಪ್ಟರ್‌ನಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು, ಅದು ತಾನೇ ರನ್‌ವೇ ಮೇಲೆ ಇಳಿಯಿತು. 2023ರಲ್ಲಿ ಒಂದು ಸಲ, 2024ರಲ್ಲಿ ಎರಡು ಸಲ. ಹೆಮ್ಮೆ ಪಡುವುದು ಬಿಟ್ಟು ಹೆದರುತ್ತೀರಲ್ಲ.

ಪ್ರಶ್ನೆ: ಎಐಗಿಂತ ರೋಗಗಳೇ ಅಪಾಯ ಅಲ್ವಾ? (ಚಿತ್ರದುರ್ಗ)

ಉತ್ತರ: ಒಳ್ಳೆಯ ಪ್ರಶ್ನೆ, ಆದರೆ ಅವೆರಡನ್ನೂ ಬೇರೆ ಬೇರೆ ಇಡಬೇಡಿ. ರೋಗಾಣುವಿನದ್ದಲ್ಲ, ವಿಷದ ಉದಾಹರಣೆ ಕೊಡುತ್ತೇನೆ, ಲೆಕ್ಕ ಅದೇ. ಔಷಧಿ ಹುಡುಕುವ ಒಂದು ಎಐಯನ್ನು ಉಲ್ಟಾ ತಿರುಗಿಸಿ ವಿಷ ಹುಡುಕು ಅಂದರೆ ಏನಾಗುತ್ತದೆ ಅಂತ ಅಮೆರಿಕದ ಒಂದು ಸಣ್ಣ ಕಂಪನಿಯವರು ನೋಡಿದರು. ಆರು ಗಂಟೆಯೊಳಗೆ 40,000 ರಾಸಾಯನಿಕ ಅಣುಗಳ ಪಟ್ಟಿ ಬಂತು. ಅದರಲ್ಲಿ ವಿಎಕ್ಸ್ ಎಂಬ ಭೀಕರ ನರವಿಷವೂ ಇತ್ತು. ಅವರು ಯಾವುದನ್ನೂ ತಯಾರಿಸಲಿಲ್ಲ, 2022ರಲ್ಲಿ ಎಚ್ಚರಿಕೆ ಅಂತ ಪ್ರಕಟಿಸಿದರು. ತಯಾರಿಸುವುದು ಇವತ್ತಿಗೂ ಕಷ್ಟ. ಹುಡುಕುವುದು ಮಾತ್ರ ಕಷ್ಟವಲ್ಲ. ಎಐಗೇ ದುರ್ಬುದ್ಧಿ ಬರಲಿ ಅಂತ ಕಾಯಬೇಕಾಗಿಲ್ಲ, ಮನುಷ್ಯನದೇ ಸಾಕು.

ಪ್ರಶ್ನೆ: ಗ್ರಹಗಳೆಲ್ಲ ಒಂದೇ ರಾಶಿಗೆ ಬಂದರೆ ಪ್ರಳಯ ಅಂತಾರೆ. (ಜಾತಕ ಕಳಿಸಿದವರು)

ಉತ್ತರ: 1962ರ ಫೆಬ್ರುವರಿಯಲ್ಲಿ ಅಷ್ಟಗ್ರಹ ಕೂಟ ಅಂತ ದೇಶವಿಡೀ ಹೋಮ ಹವನ ನಡೆಯಿತು. ಏನೂ ಆಗಲಿಲ್ಲ. ಅದೇ ವರ್ಷದ ಅಕ್ಟೋಬರ್ 27ರಂದು ಕ್ಯೂಬಾ ಹತ್ತಿರ ಸೋವಿಯತ್ ಜಲಾಂತರ್ಗಾಮಿಯೊಂದರ ಕ್ಯಾಪ್ಟನ್ ಅಣ್ವಸ್ತ್ರದ ಟಾರ್ಪಿಡೊ ಬಿಡಲು ಹೊರಟಿದ್ದ, ವಸಿಲಿ ಅರ್ಖಿಪೊವ್ ಎಂಬ ಅಧಿಕಾರಿ ತಡೆದ. ಆ ದಿನ ಅಣುಯುದ್ಧ ನಿಜಕ್ಕೂ ಕೂದಲೆಳೆಯಲ್ಲಿ ತಪ್ಪಿತು. ಅದನ್ನು ಯಾವ ಪಂಚಾಂಗವೂ ಹೇಳಿರಲಿಲ್ಲ. ಜಾತಕ ಹರಿದು ಹಾಕಿದ್ದೇನೆ.

ಪ್ರಶ್ನೆ: ಮೊಬೈಲ್ ಹಿಂದೆ ಅಂಟಿಸಿದರೆ ಎಐ ನಮ್ಮ ಮನಸ್ಸು ಓದದಂತೆ ತಡೆಯುವ ತಾಮ್ರದ ಸ್ಟಿಕರ್ ತಗೋಬಹುದಾ? (ದಾವಣಗೆರೆ)

ಉತ್ತರ: ನಿಮ್ಮ ಮನಸ್ಸನ್ನು ಓದಿದ್ದು ಸ್ಟಿಕರ್ ಮಾರಿದವನು.

ಪ್ರಶ್ನೆ: ಇದೆಲ್ಲ ಸರಿ, ನಮ್ಮಂಥ ಸಾಮಾನ್ಯರು ಈಗ ಏನು ಮಾಡಬೇಕು? (ಜಗಳೂರು)

ಉತ್ತರ: ಮನುಕುಲದ ವಿಷಯ ಆಮೇಲೆ. ನಿಮ್ಮ ಮಗನದೇ ದನಿಯಲ್ಲಿ, ಆಕ್ಸಿಡೆಂಟ್ ಆಗಿದೆ, ಈಗಲೇ ದುಡ್ಡು ಹಾಕಿ ಅಂತ ಫೋನ್ ಬರಬಹುದು. ದನಿ ನಕಲು ಮಾಡುವುದು ಈಗ ಬಹಳ ಸುಲಭ. ಫೋನ್ ಇಡಿ, ನಿಮ್ಮ ಹತ್ತಿರ ಮೊದಲಿನಿಂದಲೂ ಇರುವ ಮಗನ ನಂಬರಿಗೆ ನೀವೇ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ನಮ್ಮ ಮನೆಯಲ್ಲಿ ಇದೆ. ದುಡ್ಡು ಹೋಗಿಬಿಟ್ಟಿದ್ದರೆ ನನಗೆ ಬರೆಯುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.