ಅಟ್ಟದಿಂದ ಇಳಿದ ಪಿಟೀಲು, ಮಳೆಗೆ ಇಳಿಯುವ ಮೃದಂಗ

ವಾದ್ಯ ಸಂದೇಹ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೀಗ 61. ಹತ್ತನೇ ವಯಸ್ಸಿನಿಂದ ಹನ್ನೆರಡು ವರ್ಷ ಪಿಟೀಲು ಕಲಿತೆ, ಪಾಠ ವರ್ಣದವರೆಗೆ ಬಂದಿತ್ತು. ಆಮೇಲೆ ಬ್ಯಾಂಕ್ ಕೆಲಸ, ವರ್ಗಾವಣೆ, ಮಕ್ಕಳು. ನಿವೃತ್ತಿಯಾಗಿ ಊರಿಗೆ ಬಂದು ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡಿದರೆ ಎರಡು ತಂತಿ ತುಂಡಾಗಿವೆ, ಬಿರಡೆ ಅಲ್ಲಾಡುವುದಿಲ್ಲ, ಕಮಾನಿನ ಕೂದಲು ಅರ್ಧ ಉದುರಿದೆ. ಪಿಟೀಲೂ ನನ್ನ ಬೆರಳೂ ಮತ್ತೆ ದಾರಿಗೆ ಬಂದಾವೇ?
– ಕುಂಜಿಬೆಟ್ಟು, ಉಡುಪಿ

ಉತ್ತರ: ಬೆರಳಿನ ಮಾತು ಆಮೇಲೆ, ಮೊದಲು ವಾದ್ಯ. ಹೊಸ ತಂತಿ ತಂದು ಕಟ್ಟುವ ಆತುರ ಬೇಡ. ಮೊಬೈಲಿನ ಟಾರ್ಚ್ ಹಿಡಿದು ‘ಎಫ್’ ಆಕಾರದ ತೂತಿನೊಳಗೆ ಇಣುಕಿ. ಕುದುರೆಯ (ಬ್ರಿಡ್ಜಿನ) ಒಂದು ಕಾಲಿನ ಹಿಂದೆ, ಸಣ್ಣ ತಂತಿಯ ಬದಿಯಲ್ಲಿ, ಸುಮಾರು 6 ಮಿ.ಮೀ. ದಪ್ಪದ ಕಡ್ಡಿಯೊಂದು ಒಳಗೆ ನಿಂತಿರಬೇಕು. ಅದೇ ಸೌಂಡ್ ಪೋಸ್ಟ್. ಅದಕ್ಕೆ ಅಂಟು ಹಾಕಿರುವುದಿಲ್ಲ. ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ತಂತಿ ತುಂಡಾಗಿ ಒತ್ತಡ ಕಡಿಮೆಯಾದಾಗ ಬಿದ್ದುಹೋಗುವುದುಂಟು. ಬಿದ್ದಿದ್ದರೆ ತಂತಿ ಬಿಗಿಯಲೇಬೇಡಿ, ಮೇಲಿನ ಹಲಗೆ ಕುಸಿಯುತ್ತದೆ. ಅದನ್ನು ನಿಲ್ಲಿಸಲು ಬೇರೆಯೇ ಸಲಕರಣೆ ಬೇಕು, ರಿಪೇರಿಯವರಿಗೇ ಕೊಡಿ.

ಕಡ್ಡಿ ನಿಂತಿದ್ದರೆ ಬೆರಳ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬನ್ನಿ. ಎಲ್ಲೆಡೆ ‘ಟಕ್ ಟಕ್’ ಎಂದು ಒಂದು ಕಡೆ ‘ಜರ್’ ಎಂದರೆ ಅಲ್ಲಿ ಹಲಗೆಯ ಅಂಟು ಬಿಟ್ಟಿದೆ. ನಮ್ಮ ಕಡೆ ಇದು ಮಾಮೂಲು, ಏಕೆಂದರೆ ಪಿಟೀಲಿಗೆ ಹಾಕುವುದು ಪ್ರಾಣಿಜನ್ಯ ಅಂಟು. ಸೆಕೆಗೂ ತೇವಕ್ಕೂ ಅದು ಮೆತ್ತಗಾಗುತ್ತದೆ. ಅದು ದೋಷವಲ್ಲ. ಮುಂದೆ ರಿಪೇರಿಗೆ ಬಿಚ್ಚಲು ಬರಲಿ ಎಂದೇ ಅದನ್ನು ಹಾಕುವುದು. ಫೆವಿಕಾಲ್, ಫೆವಿಕ್ವಿಕ್ ಸುರಿದರೆ ಮತ್ತೆಂದೂ ಬಿಚ್ಚಲಾಗದೆ ಹಲಗೆಯೇ ಸೀಳುತ್ತದೆ.

ಬಿರಡೆ ಸಿಕ್ಕಿಕೊಂಡಿರುವುದು ಮರ ತೇವ ಹೀರಿ ಉಬ್ಬಿದ್ದರಿಂದ. ಎಣ್ಣೆ ಬಿಡಬೇಡಿ, ಇಕ್ಕಳ ಹಾಕಬೇಡಿ. ಎರಡು ದಿನ ಎ.ಸಿ. ಕೋಣೆಯಲ್ಲಿಟ್ಟರೆ ಹೆಚ್ಚಿನವು ತಾವಾಗಿ ಸಡಿಲವಾಗುತ್ತವೆ. ಆಮೇಲೆ ಒಂದೊಂದೇ ಬಿರಡೆ ಹೊರತೆಗೆದು ಒರೆಸಿ, ಉಜ್ಜಿಕೊಳ್ಳುವ ಎರಡು ಪಟ್ಟಿಗಳಿಗೆ ಮೊದಲು ಒಣ ಸೋಪು, ಅದರ ಮೇಲೆ ಶಾಲೆಯ ಸೀಮೆಸುಣ್ಣ ಸವರಿ ಹತ್ತು ಸಲ ತಿರುಗಿಸಿ. ಸೋಪು ಜಾರಿಸುತ್ತದೆ, ಸುಣ್ಣ ಹಿಡಿಯುತ್ತದೆ. ಜಾರಿದರೆ ಸುಣ್ಣ ಹೆಚ್ಚಿಸಿ, ಬಿಗಿಯಾದರೆ ಸೋಪು.

ತಂತಿ ನಾಲ್ಕನ್ನೂ ಬದಲಿಸಿ, ಆದರೆ ಒಂದನ್ನು ಕಟ್ಟಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಆಗಲೇ ಹೇಳಿದ ಕಡ್ಡಿ ಬೀಳಬಹುದು. ಕುದುರೆಯ ಗೀರುಗಳಿಗೆ ಪೆನ್ಸಿಲಿನ ಮೊನೆ ಉಜ್ಜಿ, ತಂತಿ ಸರಾಗ ಜಾರುತ್ತದೆ. ಶ್ರುತಿ ಏರಿಸುವಾಗ ಕುದುರೆಯ ತಲೆ ಬೆರಳ ಹಲಗೆಯ ಕಡೆ ವಾಲುತ್ತದೆ. ಪ್ರತಿ ಸಲವೂ ಎರಡೂ ಕೈಯಲ್ಲಿ ಹಿಡಿದು ನೇರ ಮಾಡಿ, ವಾಲಿದ್ದನ್ನು ಹಾಗೇ ಬಿಟ್ಟರೆ ಒಂದು ದಿನ ಪಟ್ಟೆಂದು ಬೀಳುತ್ತದೆ. ಐದು ಮನೆಗೆ (ಶ್ರುತಿಯ ಎತ್ತರ ಎಣಿಸುವುದು ಮನೆಗಳಲ್ಲಿ) ಕಟ್ಟುವ ಅಭ್ಯಾಸವಿದ್ದರೂ ಮೊದಲ ವಾರ ಎರಡು ಮನೆಯಲ್ಲಿ ಸ–ಪ–ಸ–ಪ ಕೂಡಿಸಿ. ಎಳೆತ ಕಡಿಮೆ, ವರ್ಷಗಟ್ಟಲೆ ಮಲಗಿದ್ದ ಮೈಗೆ ಒಳ್ಳೆಯದು.

ಕಮಾನಿನ ಕೂದಲು ತಿಂದದ್ದು ಪೆಟ್ಟಿಗೆಯೊಳಗಿನ ಹುಳ. ಪೆಟ್ಟಿಗೆಯನ್ನು ಬಾಯಿ ತೆರೆದು ಒಂದು ದಿನ ಬಿಸಿಲಿಗಿಡಿ (ಪಿಟೀಲನ್ನಲ್ಲ!). ಸಾಧಾರಣ ಕಮಾನಾದರೆ ಹೊಸ ಕೂದಲು ಹಾಕಿಸುವುದಕ್ಕಿಂತ ಹೊಸ ಕಮಾನೇ ಅಗ್ಗ. ನುಡಿಸುವಾಗ ಕೂದಲಿಗೂ ಕಡ್ಡಿಗೂ ನಡುವೆ ಪೆನ್ಸಿಲ್ ತೂರುವಷ್ಟು ಅಂತರ ಸಾಕು; ನುಡಿಸಿದ ಮೇಲೆ ಸಡಿಲಿಸಲು ಮರೆಯಬೇಡಿ.

ಇನ್ನು ಬೆರಳು. ಕೈ ಮರೆಯುವುದು ನೀವು ಹೆದರಿದಷ್ಟಲ್ಲ, ಕಿವಿ ಮರೆಯುವುದು ಅದಕ್ಕಿಂತ ಹೆಚ್ಚು. ಮೊದಲ ವಾರ ಎಡಗೈಗೆ ರಜೆ. ತಂಬೂರಿ ಶ್ರುತಿ ಹಾಕಿ, ಬರೀ ತಂತಿಯ ಮೇಲೆ ಒಂದು ಕಮಾನಿಗೆ ಎಂಟು ಎಣಿಕೆ, ದಿನಕ್ಕೆರಡು ಸಲ 15 ನಿಮಿಷ. ಎರಡನೇ ವಾರ ಮಾಯಾಮಾಳವಗೌಳ ರಾಗದ ಸರಳೆ ವರಸೆ (ಮೊದಲ ಪಾಠ), ಒಂದನೇ ಕಾಲದಲ್ಲಿ (ನಿಧಾನ ಗತಿಯಲ್ಲಿ) ಮಾತ್ರ. ರಿಷಭದಿಂದ ಗಾಂಧಾರಕ್ಕೆ ಹಾರುವಲ್ಲಿ ಶ್ರುತಿ ತಪ್ಪುತ್ತದೆ, ಗಾಂಧಾರ ಸಾಮಾನ್ಯವಾಗಿ ತಗ್ಗುತ್ತದೆ. ಹೆಬ್ಬೆರಳು ಕತ್ತನ್ನು ಹಿಚುಕುತ್ತಿದ್ದರೆ ಬೆರಳು ಅಲ್ಲಿಗೆ ತಲುಪುವುದೇ ಇಲ್ಲ. ವರ್ಣ ನೆನಪಿದೆ ಎಂದು ಎರಡನೇ ದಿನವೇ ಅದಕ್ಕೆ ಕೈಹಾಕುವವರು ಮೂರನೇ ವಾರಕ್ಕೆ ಪೆಟ್ಟಿಗೆ ಮುಚ್ಚಿಬಿಡುತ್ತಾರೆ.

ಬೆರಳ ತುದಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಉರಿ ಸಹಜ. ಗಂಟು ಊದಿದರೆ ಅಥವಾ ರಾತ್ರಿ ಬೆರಳು ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ಚಕ್ಕಳಮಕ್ಕಳ ಕೂರಲು ಮಂಡಿ ಬಿಡದಿದ್ದರೆ ಊಟದ ಮಣೆಯ ಮೇಲೆ ಜಮಖಾನ ನಾಲ್ಕು ಮಡಿಕೆ ಹಾಕಿ ಕುಳಿತುಕೊಳ್ಳಿ. ಪಿಟೀಲಿನ ತಲೆ ಬಲ ಪಾದದ ಮೇಲೆಯೇ ಇರಲಿ. ಆ ಆಸರೆ ತಪ್ಪಿದರೆ ಎಡಗೈ ವಾದ್ಯ ಹಿಡಿಯುವ ಕೆಲಸಕ್ಕೆ ಬೀಳುತ್ತದೆ, ಗಮಕಕ್ಕೆ ಜಾರಲು ಬಿಡುವಿರುವುದಿಲ್ಲ.

ಪೆಟ್ಟಿಗೆಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಬಟ್ಟೆಗಂಟು ಇಡಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ಕಿತ್ತಳೆ ಬಣ್ಣದ್ದು ಕೇಳಿ. ಅಟ್ಟಕ್ಕೆ ಮಾತ್ರ ಮತ್ತೆ ಏರಿಸಬೇಡಿ.

ಪ್ರಶ್ನೆ: ನಮ್ಮ ಭಜನಾ ಮಂಡಳಿಯಲ್ಲಿ 25 ವರ್ಷದಿಂದ ಮೃದಂಗ ನುಡಿಸುತ್ತೇನೆ. ಜೂನ್ ಬಂತೆಂದರೆ ಎರಡನೇ ಭಜನೆಗೇ ಶ್ರುತಿ ಅರ್ಧ ಮನೆ ಇಳಿಯುತ್ತದೆ. ಚರ್ಮದ ಮೇಲೆ ಬೂಷ್ಟು ಬೇರೆ. ತೆಂಗಿನೆಣ್ಣೆ ಸವರಬಹುದೇ?
– ಸುರತ್ಕಲ್

ಉತ್ತರ: ಎಣ್ಣೆ ಖಂಡಿತ ಬೇಡ. ಎಣ್ಣೆ ಕುಡಿದ ಚರ್ಮ ಸತ್ತಂತೆಯೇ, ಕರಣೆಯೂ (ಬಲಮುಖದ ಕಪ್ಪು ಲೇಪವೂ) ಬಿಟ್ಟುಕೊಳ್ಳುತ್ತದೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಗಾಳಿಯ ತೇವ ಹೀರಿ ಚರ್ಮ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಬೂಷ್ಟನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಮೃದಂಗವನ್ನು ಮರದ ಕಪಾಟಿನಲ್ಲಿಟ್ಟು, ಒಂದು ಅಡಿ ದೂರದಲ್ಲಿ 15 ವ್ಯಾಟಿನ ಹಳೇ ಕಾಲದ ತಂತಿಯ ಬಲ್ಬು ಉರಿಸಿ. ಎಲ್‌ಇಡಿ ಬಲ್ಬಿಗೆ ಅಷ್ಟು ಬಿಸಿ ಇಲ್ಲ. ಬಲ್ಬಿನ ಹತ್ತಿರ ಬಟ್ಟೆ, ಪುಸ್ತಕ ಇರದಿರಲಿ. ಭಜನೆಗೆ ಮುಂಚೆ ಕೆಂಡದ ಮೇಲೆ ಹಿಡಿಯುವುದು, ಹೇರ್ ಡ್ರೈಯರ್ ಬಿಡುವುದು ಬೇಡವೇ ಬೇಡ. ಒಮ್ಮೆಗೇ ಬಿಸಿ ತಾಗಿದರೆ ಕರಣೆ ಬಿರುಕು ಬಿಟ್ಟು ಉದುರುತ್ತದೆ, ಆಮೇಲೆ ಹೊಸ ಮುಚ್ಚಿಗೆಯೇ (ಚರ್ಮದ ಹೊದಿಕೆಯೇ) ಗತಿ.

ಶ್ರುತಿ ಏರಿಸುವಾಗ ಅಂಚಿನ ಹೆಣಿಗೆಗೆ ಮೇಲಿನಿಂದ ಬಡಿಯಿರಿ. ಒಂದು ಕಡೆ ಬಡಿದ ಮೇಲೆ ಅದರ ಎದುರು ಬದಿಗೆ. ಒಂದೇ ಸಾಲಿನಲ್ಲಿ ಸುತ್ತು ಹಾಕುತ್ತಾ ಹೋದರೆ ಒಂದು ಪಕ್ಕ ಏರಿ ಇನ್ನೊಂದು ಇಳಿದು ಎರಡು ನಾದ ಕೇಳುತ್ತದೆ. ಮಂಡಳಿಯ ಹಾರ್ಮೋನಿಯಂ ಶ್ರುತಿ ಬದಲಾಗುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಆರಂಭಕ್ಕೇ ಕೂದಲೆಳೆಯಷ್ಟು ಏರಿಸಿ ಕೂರುವುದು ಜಾಣತನ.

ಮೃದಂಗದ ಎಡಮುಖಕ್ಕೆ ಹಚ್ಚುವ ರವೆಯನ್ನು ಮಳೆಗಾಲದಲ್ಲಿ ಚಪಾತಿ ಹಿಟ್ಟಿಗಿಂತ ಗಟ್ಟಿ ಕಲಸಿ. ನೀರಾದರೆ ಚರ್ಮವೇ ಅದನ್ನು ಕುಡಿಯುತ್ತದೆ. ಭಜನೆ ಮುಗಿದ ಕೂಡಲೇ ಕೆರೆದು, ಒರೆಸಿ, ಹತ್ತು ನಿಮಿಷ ಫ್ಯಾನಿನ ಕೆಳಗಿಟ್ಟ ಮೇಲೆ ಚೀಲಕ್ಕೆ ಹಾಕಿ. ಪ್ರಸಾದ ತಿಂದು ಬಂದು ತೆಗೆಯೋಣ ಎಂದುಕೊಂಡವರ ಮೃದಂಗಕ್ಕೆ ಜಿರಳೆ ಮೊದಲು ತಲುಪಿರುತ್ತದೆ.

ಪ್ರಶ್ನೆ: 55 ದಾಟಿದೆ. ಸ್ಯಾಕ್ಸೊಫೋನ್ ಕಲಿಯುವ ಆಸೆ. ತಡವಾಯಿತೇ?
– ಬಂಟ್ವಾಳ

ಉತ್ತರ: ಕದ್ರಿ ಗೋಪಾಲನಾಥರ ತಾಲೂಕಿನವರು ಕೇಳಬೇಕಾದ ಪ್ರಶ್ನೆಯೇ. ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮದುವೆ, ದೇವಸ್ಥಾನಗಳಲ್ಲಿ ಇಂದು ಕೇಳುವ ಸ್ಯಾಕ್ಸೊಫೋನಿನ ಹಿಂದೆ ಆ ದುಡಿಮೆ ಇದೆ. ಹವ್ಯಾಸಕ್ಕೆ ತಡವೇನಿಲ್ಲ, ಆದರೆ ರಕ್ತದೊತ್ತಡ, ಗ್ಲಾಕೊಮಾ, ಹರ್ನಿಯಾ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಊದುವಾಗ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಆಲ್ಟೊ (ಮಧ್ಯಮ ಗಾತ್ರದ್ದು) ಕೊಳ್ಳಿ, ರೀಡು (ಊದುವ ಬಾಯಲ್ಲಿ ಕಂಪಿಸುವ ತೆಳು ಪಟ್ಟಿ) 2ನೇ ನಂಬರ್; 3ರಿಂದ ಶುರು ಮಾಡಿದರೆ ತುಟಿ ಒಂದೇ ವಾರಕ್ಕೆ ಸೋಲುತ್ತದೆ. ಮೊದಲ ತಿಂಗಳು ಒಂದೇ ಸ್ವರ ನಡುಗದೆ ಹತ್ತು ಸೆಕೆಂಡ್ ನಿಲ್ಲಲಿ. ಗಮಕದ ಬಹುಪಾಲು ಕೆಲಸ ತುಟಿ ಮತ್ತು ಉಸಿರಿನದು, ಗುಂಡಿ ಒತ್ತಿ ಬರುವಂಥದಲ್ಲ. ಆದ್ದರಿಂದ ಹಾಡಲು ಬಾರದ ಪಲುಕನ್ನು ಊದಲು ಹೋಗಬೇಡಿ. ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ರೀಡು ಬಿಚ್ಚಿ ಒಣಗಿಸಿ. ಇಲ್ಲಿಯ ಹವೆಯಲ್ಲಿ ಚರ್ಮದ ಪ್ಯಾಡು ತೂತಿನ ಅಂಚಿಗೆ ಅಂಟಿ ‘ಚಪ್’ ಎನ್ನತೊಡಗಿದರೆ ಅದು ಒದ್ದೆಯಾಗಿ ಮುಚ್ಚಿಟ್ಟದ್ದರ ಫಲ.

ಪ್ರಶ್ನೆ: ಮಾರ್ಚಿನಲ್ಲಿ ಮಗಳ ಮನೆಗೆಂದು ಕಲಬುರಗಿಗೆ ಹೋದಾಗ ಕೊಳಲು ಸೀಳಿತು. ಇಲ್ಲಿ ಎಷ್ಟೋ ವರ್ಷ ಏನೂ ಆಗಿರಲಿಲ್ಲ.
– ಕಾಪು

ಉತ್ತರ: ಕರಾವಳಿಯ ತೇವಕ್ಕೆ ಹೊಂದಿಕೊಂಡ ಬಿದಿರು ಅಲ್ಲಿಯ ಒಣಹವೆಗೆ ಸೆಟೆದು ಬಿರಿದಿದೆ. ಮೊದಲು ಕೈಕೊಡುವುದು ಕೆಳಗಿನ ಸ್ವರ, ಅಲ್ಲಿ ಗಾಳಿ ಸೋರುತ್ತದೆ. ಸೀಳು ಕೂದಲೆಳೆಯಷ್ಟಿದ್ದರೆ ಫೆವಿಕ್ವಿಕ್ ಒಂದೆರಡು ಹನಿ ಬಿಟ್ಟು (ಪಿಟೀಲಿಗೆ ಬೇಡ ಎಂದದ್ದು ಇಲ್ಲಿ ನಡೆಯುತ್ತದೆ, ಕೊಳಲನ್ನು ಬಿಚ್ಚುವ ಪ್ರಸಂಗವೇ ಇಲ್ಲವಲ್ಲ), ಸೀಳಿನ ಎರಡೂ ತುದಿಯಲ್ಲಿ ನೈಲಾನ್ ದಾರ ಬಿಗಿಯಾಗಿ ಸುತ್ತಿ. ಮುಂದಿನ ಪ್ರಯಾಣಕ್ಕೆ ಮುಂಚೆ ಒಳಗೆ ಎಳ್ಳೆಣ್ಣೆ ತೆಳುವಾಗಿ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಯ್ಯಿರಿ. ಅಲ್ಲಿ ತಲುಪಿದ ದಿನ ಚೀಲ ಬಿಚ್ಚದೆ ಮರುದಿನ ನಿಧಾನವಾಗಿ ಹೊರತೆಗೆಯಿರಿ.